ಎಳ್ಳಿನ ಜೊತೆ ಕೊಟ್ಟ ಬಿಳಿ ಏಪ್ರನ್

ನನ್ನ ಗಂಡ ಫ್ರೀಮೇಸನ್ ಆದ ಸುದ್ದಿ ಮನೆಗೆ ಬಂದಿದ್ದು ಒಂದು ಕಪ್ಪು ಚಪ್ಪಟೆ ಪೆಟ್ಟಿಗೆಯ ಜೊತೆ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಗೇರ್‌ಬಾಕ್ಸಿನ ಕಬ್ಬಿಣದ ಕವಚಗಳನ್ನು ವೆಲ್ಡ್ ಮಾಡಿ ಕೊಡುತ್ತೇವೆ. ಯಂತ್ರಗಳು ಅವರ ಪಾಲು, ಆಫೀಸು ನನ್ನ ಪಾಲು. ನಮ್ಮ ಹಳೆಯ ಗಿರಾಕಿಯೊಬ್ಬರು ಅವರನ್ನು ಬ್ರಿಟಿಷರ ಕಾಲದಿಂದ ಬಂದ ಆ ಗುಟ್ಟಿನ ಸಂಘಕ್ಕೆ ಸೇರಿಸಿದ್ದರು. ಒಳ್ಳೆಯ ಜನ, ದಾನಧರ್ಮ ಮಾಡುತ್ತಾರೆ, ಒಬ್ಬರನ್ನೊಬ್ಬರು ಬ್ರದರ್ ಅನ್ನುತ್ತಾರೆ ಎಂದು ಇವರು ಖುಷಿಯಿಂದ ವರ್ಣಿಸಿದರು. ಒಡಹುಟ್ಟಿದ ಅಣ್ಣನ ಜೊತೆ ಜಮೀನಿನ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾದವರಿಗೆ ಹೊಸ ಅಣ್ಣತಮ್ಮಂದಿರು ಸಿಕ್ಕರಲ್ಲ, ಸದ್ಯ, ಎಂದು ನಾನು ಚುಚ್ಚಿದೆ. ನನ್ನ ನಾಲಿಗೆ ಅವರಿಗೆ ಹೊಸದಲ್ಲ, ನಕ್ಕುಬಿಟ್ಟರು.

ಪೆಟ್ಟಿಗೆಯಲ್ಲಿದ್ದದ್ದು ಅಚ್ಚ ಬಿಳಿ ಚರ್ಮದ ಏಪ್ರನ್. ಕುರಿಮರಿಯ ಚರ್ಮವಂತೆ. ಮೇಲೊಂದು ಮೂರು ಮೂಲೆಯ ಮಡಿಕೆ, ಸೊಂಟಕ್ಕೆ ಕಟ್ಟಿಕೊಳ್ಳಲು ದಾರ, ಬೇರೆ ಏನೂ ಅಲಂಕಾರವಿಲ್ಲ. ನಮ್ಮ ವೆಲ್ಡರ್‌ಗಳು ಕಿಡಿ ತಾಗದಿರಲೆಂದು ಕಟ್ಟಿಕೊಳ್ಳುವ ಒರಟು ಚರ್ಮದ ಏಪ್ರನ್‌ಗಳನ್ನು ದಿನಾ ನೋಡುವ ನನಗೆ ಇದು ಅವುಗಳ ಶ್ರೀಮಂತ ನೆಂಟನ ಹಾಗೆ ಕಂಡಿತು.

ಅತ್ತೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಈಗ ಶೆಡ್ಡುಗಳಿರುವ ಜಾಗದಲ್ಲಿ ರಾಗಿ ಬೆಳೆದವರು ಅವರು. ಮಗನ ಕೈಲಿದ್ದುದನ್ನು ನೋಡಿ ಕೇಳಿದರು.

"ಇದ್ನ ಯಾವಾಗ್ಲಾ ಆಕ್ಕೊಳೋದು?"

"ಮೀಟಿಂಗ್‌ನಲ್ಲಮ್ಮ. ಸೂಟ್ ಮೇಲೆ ಕಟ್ಕೋತೀವಿ. ನಮ್ಮೋರೇ ಇರ್ತೀವಿ, ಬಾಗ್ಲು ಹಾಕಿರುತ್ತೆ."

"ಬಾಗ್ಲು ಯಾಕೆ ಆಕ್ಬೇಕು?"

"ಅದು ಅವ್ರ ರೂಢಿ. ಎಲ್ಲಾದ್ರೂ ಕಟ್ಟಡಕ್ಕೆ ಮೊದಲ ಕಲ್ಲು ಇಡೋವಾಗ ಬಯಲಲ್ಲೂ ಹಾಕ್ಕೊಳ್ಳೋದುಂಟಂತೆ."

"ಆಮ್ಯಾಕೆ?"

ಇವರು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಸದಾಗಿ ಕಲಿತದ್ದನ್ನು ಪೂರ್ತಿ ಒಪ್ಪಿಸದಿದ್ದರೆ ನನ್ನ ಗಂಡನಿಗೆ ಸಮಾಧಾನವಿಲ್ಲ. "ಕೊನೇಲಿ, ಸತ್ತಾಗ ಮೈಮೇಲೆ ಇಡ್ತಾರೆ. ಹೋದ್ವರ್ಷ ತೀರ್ಕೊಂಡ ಒಬ್ಬ ಹಿರಿಯರಿಗೆ ಹಾಗೇ ಇಟ್ರಂತೆ. ಮೊದ್ಲು ಕೈಗೆ ಬರೋದೂ ಇದೇ, ಕೊನೇಗೆ ಜೊತೇಲಿ ಬರೋದೂ ಇದೇ."

ಅತ್ತೆಯ ಕೈ ನಿಂತಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವ ಜನ ನಾವು. ಹುಟ್ಟದ ಕೂಸಿಗೆ ಟೋಪಿಯನ್ನೇ ತರದವರು ಬದುಕಿರುವ ಮಗನಿಗೆ ಹೆಣದ ಬಟ್ಟೆ ತಂದಿಟ್ಟುಕೊಳ್ಳುತ್ತಾರೆಯೇ? ಅವರು ಸುಲಿದ ಕಾಳನ್ನೂ ಸಿಪ್ಪೆಯನ್ನೂ ಒಂದೇ ಮೊರಕ್ಕೆ ಹಾಕಿ ಎದ್ದು ಹೋದರು. ಇವರು ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟರು.

ಮೀಟಿಂಗು ತಿಂಗಳಿಗೊಂದು ಶನಿವಾರ ಸಂಜೆ. ಅದು ಶನಿಯ ವಾರವೇ ಆಗಿದ್ದು, ಏಪ್ರನ್ ಕೆಟ್ಟದ್ದು ಎನ್ನುವುದಕ್ಕೆ ಅತ್ತೆಗೆ ಇನ್ನೊಂದು ಸಾಕ್ಷಿಯಾಯಿತು. ಇವರು ಸೂಟು ಹಾಕಿ ಪೆಟ್ಟಿಗೆ ಹಿಡಿದು ಹೊರಟರೆ ಅತ್ತೆ ವಾಪಸ್ ಬರುವವರೆಗೂ ಗೇಟಿನ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದರು. ನಾನು ಮೊದಮೊದಲು ತಮಾಷೆ ಮಾಡಿದೆ. ಆಮೇಲೆ ನಾನೂ ಗೇಟಿನ ಸದ್ದಿಗೆ ಕಿವಿ ಕೊಡುವುದು ನನಗೇ ಗೊತ್ತಾಗಿ ಸಿಟ್ಟು ಬಂತು.

ಹೀಗಿರುವಾಗ ಕಾರ್ಖಾನೆಯಲ್ಲಿ ಭಾರ ಎತ್ತುವ ಪುಲ್ಲಿಯ ಚೈನ್ ಹರಿಯಿತು. ಮೇಲೆ ತೂಗುತ್ತಿದ್ದ ಕವಚ ಧೊಪ್ಪನೆ ಬಿತ್ತು. ಅದರ ಕೆಳಗೆ ನನ್ನ ಗಂಡ ಅಳತೆ ನೋಡುತ್ತ ನಿಂತಿದ್ದರು. ನಮ್ಮ ವೆಲ್ಡರ್ ಒಬ್ಬ, ವಿಜಯಪುರದ ಕಡೆಯ ಹುಡುಗ, ಹೊಸದಾಗಿ ತಂದೆಯಾದವನು, ಹಿಂದಿನಿಂದ ಅಂಗಿ ಹಿಡಿದು ಎಳೆದಿದ್ದರಿಂದ ಬದುಕಿದರು. ನೆಲದ ಕಾಂಕ್ರೀಟು ಒಡೆದು ಹೋಗಿತ್ತು. ಮನೆಗೆ ಬಂದು ಇವರು ಅದನ್ನು ನಗುತ್ತ ಹೇಳಿದರು. ಅತ್ತೆ ನಗಲಿಲ್ಲ. ನಾನೂ ನಗಲಿಲ್ಲ.

ಮುಂದಿನ ಶನಿವಾರ ಅತ್ತೆ ಆ ವೆಲ್ಡರನ್ನು ಊಟಕ್ಕೆ ಕರೆಸಿದರು. ಮಗನನ್ನು ಉಳಿಸಿದವನು, ಕರೆಯಲೇಬೇಕು ಎಂದು ನಾನೂ ಸಂತೋಷಪಟ್ಟೆ. ಬಿಸಿ ಮುದ್ದೆ, ಕೋಳಿ ಸಾರು. ರೊಟ್ಟಿ ತಿನ್ನುವ ಹುಡುಗ ಮುದ್ದೆ ನುಂಗಲು ಪಡುತ್ತಿದ್ದ ಪಾಡು ನೋಡಿ ಇವರು ಬಹಳ ನಕ್ಕರು. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಒಂದು ಬಟ್ಟೆಯ ಗಂಟನ್ನು ಅವನ ಕೈಗಿಟ್ಟು, "ಚರ್ಮದ್ದು ಕಣಪ್ಪ, ಕೆಲ್ಸಕ್ಕಾಯ್ತದೆ. ತಿರುಗಿ ನೋಡ್ದಂಗೆ ಓಗು," ಎಂದರಂತೆ. ಅಡುಗೆಮನೆಯಲ್ಲಿದ್ದ ನನಗೆ ಅದು ಕೇಳಿಸಲಿಲ್ಲ. ಗಂಟು ಮಾತ್ರ ಕಂಡಿತ್ತು, ಹಳೆಯ ಪಂಚೆ ಇರಬೇಕು ಅಂದುಕೊಂಡೆ.

ಆ ವಾರ ಸೂಟನ್ನು ಡ್ರೈಕ್ಲೀನಿಂಗಿಗೆ ಕೊಡಲು ಬೀರು ತೆಗೆದಾಗ ಪೆಟ್ಟಿಗೆ ಹಗುರವಾಗಿತ್ತು. ತೆರೆದೆ. ಏಪ್ರನ್ ಇರಲಿಲ್ಲ. ಮೂಲೆಯಲ್ಲಿ ನಾಲ್ಕಾರು ಕರಿ ಎಳ್ಳಿನ ಕಾಳು ಉಳಿದಿದ್ದವು. ನನಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶನಿ ಕಾಡುವಾಗ ಎಳ್ಳಿನ ಜೊತೆ ವಸ್ತುವೊಂದನ್ನು ದಾನ ಕೊಟ್ಟರೆ ದಾನ ತೆಗೆದುಕೊಂಡವನ ಹಿಂದೆ ಪೀಡೆ ಹೋಗುತ್ತದೆ ಎನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತಿಳಿದು ದಕ್ಷಿಣೆಗೆ ತೆಗೆದುಕೊಳ್ಳುವವರು ಬೇರೆ ಇರುತ್ತಾರೆ. ವೆಲ್ಡರ್ ಹುಡುಗನಿಗೆ ಮಾತ್ರ ಏನೂ ಹೇಳದೆ ಆ ಗಂಟಿನಲ್ಲಿ ಕಟ್ಟಿ ಕೊಟ್ಟಿದ್ದರು.

"ಆ ಹುಡುಗ ನಿಮ್ಮ ಮಗನ್ನ ಉಳಿಸ್ದೋನು ಅತ್ತೆ," ಎಂದೆ.

"ಅದ್ಕೇ ಕೊಟ್ಟೆ. ಒಂದ್ಸಲ ತಪ್ಸಿದೋನು ಇನ್ನೊಂದ್ಸಲಾನೂ ತಪ್ಸಾನು."

"ಅವ್ನಿಗೂ ತಾಯಿ ಇಲ್ವಾ?"

"ಅವ್ನ ತಾಯಿ ಅವ್ನ ನೋಡ್ಕಳ್ಳಿ. ನಾನು ನನ್ ಮಗನ್ನ ನೋಡ್ಕೊಂಡೆ."

ನಾನು ಸೈನ್ಸ್ ಓದಿದವಳು. ಚೈನ್ ಹರಿದದ್ದು ಸವೆದಿದ್ದರಿಂದ, ಅದನ್ನು ಬದಲಾಯಿಸಲು ನಾವು ಸೋಮಾರಿತನ ಮಾಡಿದ್ದರಿಂದ ಎಂದು ನನಗೆ ಗೊತ್ತು. ಹಾಗಿದ್ದರೆ ಆ ಕ್ಷಣವೇ ಹೋಗಿ ಏಪ್ರನ್ ವಾಪಸ್ ಕೇಳುವುದಕ್ಕೆ ಏನು ಅಡ್ಡಿಯಿತ್ತು? ಮರುದಿನ ಆಫೀಸಿನ ಕಿಟಕಿಯಿಂದ ಅವನನ್ನು ನೋಡಿದೆ. ತನ್ನ ಹಳೆಯ ಒರಟು ಏಪ್ರನ್ ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದ. ಹೊರಗೆ ಬಂದೆ, ಇವರು ಅವನ ಪಕ್ಕದಲ್ಲೇ ನಿಂತು ನಗುತ್ತಿದ್ದುದು ಕಂಡಿತು, ಮತ್ತೆ ಒಳಗೆ ಹೋದೆ. ಅದು ಅಲ್ಲಿದ್ದರೆ ಇಲ್ಲಿಲ್ಲ ಎನ್ನುವ ಲೆಕ್ಕ ನನ್ನ ತಲೆಯಲ್ಲೂ ಓಡುತ್ತಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಗುರುವಾರ ಅವನು ಕೆಲಸಕ್ಕೆ ಬರಲಿಲ್ಲ. ಮಗುವಿಗೆ ಜ್ವರ, ಇಳಿಯುತ್ತಲೇ ಇಲ್ಲ ಎಂದು ಜೊತೆಯವನು ಹೇಳಿದ. ನಾನು ಇವರಿಗೂ ತಿಳಿಸದೆ ಆಟೋ ಹಿಡಿದೆ.

ಕಾರ್ಖಾನೆಗಳ ಬೆನ್ನಿಗೆ ಸಾಲಾಗಿ ಶೀಟಿನ ಕೋಣೆಗಳು. ಅವನು ಔಷಧಿ ತರಲು ಹೋಗಿದ್ದ, ಹೆಂಡತಿ ಬಾಗಿಲಲ್ಲೇ ಇದ್ದಳು. ಒಳಗೆ ನೆಲದ ಮೇಲೆ ಮಗು ಮಲಗಿತ್ತು. ಅದರ ಕೆಳಗೆ ಹಾಸಿದ್ದದ್ದು ಬಿಳಿ ಏಪ್ರನ್. ಮೂರು ಮೂಲೆಯ ಮಡಿಕೆ ಸರಿಯಾಗಿ ಮಗುವಿನ ತಲೆಯ ಕೆಳಗಿತ್ತು.

"ಮೆತ್ತಗ ಐತ್ರಿ ಅಕ್ಕಾರ. ಕಿಡಿ ಬಿದ್ರ ಸುಟ್ಟು ತೂತಾಕ್ಕೈತಿ, ಕೆಲಸಕ್ಕ ಬರಂಗಿಲ್ಲ ಅಂದ್ರು ನಮ್ಮನಿಯವ್ರು. ಅದಕ್ಕ ಕೂಸಿಗೆ ಹಾಸೀನಿ," ಎಂದಳು. ನಾನು ಏಪ್ರನ್ನನ್ನೇ ನೋಡುತ್ತಿದ್ದುದು ಕಂಡು ಅವಳ ಮುಖ ಬದಲಾಯಿತು. "ಗಂಟಿನಾಗ ಎಳ್ಳ ಯಾಕ ಇದ್ದೂರಿ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಮಗುವಿನ ಕೆಂಪು ಮುಖ ಕಣ್ಣೆದುರಿಗಿತ್ತು. ಎಲ್ಲ ಹೇಳಿದೆ: ಅದು ಯಾರದ್ದು, ಯಾವಾಗ ಹಾಕಿಕೊಳ್ಳುತ್ತಾರೆ, ಕೊನೆಗೆ ಯಾವಾಗ ಮೈಮೇಲೆ ಇಡುತ್ತಾರೆ, ನಮ್ಮ ಅತ್ತೆ ಏನು ಎಣಿಸಿ ಕೊಟ್ಟರು. ಅವಳು ಕೂಗಾಡಲಿಲ್ಲ. ಮಗುವನ್ನು ಎತ್ತಿ ಎದೆಗವಚಿಕೊಂಡಳು. ಕಾಲಿನಿಂದ ಏಪ್ರನ್ನನ್ನು ನನ್ನ ಕಡೆಗೆ ಸರಿಸಿದಳು.

"ಒಯ್ರಿ. ನಿಮ್ಮ ಮನಿದು ನಿಮ್ಮ ಮನಿಯಾಗ ಇರ್ಲಿ."

ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಆಟೋ ಇದೆ ಎಂದೆ. ನೀವು ಮೊದಲು ಹೋಗಿ ಎಂದಳು. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು, ಮಗುವಿನ ಮೈಬಿಸಿ ಇನ್ನೂ ಆರಿರಲಿಲ್ಲ. ನಂಬಿಕೆ ಇಲ್ಲದ ನಾನು ಹೆದರಿ ಬೆವೆತುಹೋಗಿದ್ದೆ. ಗಂಡನ ಸಾವನ್ನು ನಾನೇ ಮಡಿಲಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದೇನೆ ಅನ್ನಿಸುತ್ತಿತ್ತು.

ಅತ್ತೆಯ ಮುಂದಿಟ್ಟೆ. ಎಲ್ಲಿತ್ತು, ಹೇಗಿತ್ತು ಎಂದು ಹೇಳಿದೆ.

"ಕೂಸಿನ ಕೆಳಕ್ಕಾ?" ಎಂದರು. "ಅವ್ನಿಗೆ ಅಂತ ಕೊಟ್ಟಿದ್ದು ನಾನು. ಕೂಸಿಗಲ್ಲ." ಆಮೇಲೆ ಕೇಳಿದರು, "ಎಣ್ಣಾ, ಗಂಡಾ?"

"ಹೆಣ್ಣು."

ಮರುದಿನ ಬೆಳಿಗ್ಗೆ ವೆಲ್ಡರ್ ಕೆಲಸಕ್ಕೆ ಬಂದ. ಹಿಂದಿನ ಸಂಜೆಯೇ ಮಗುವಿನ ಜ್ವರ ಬಿಟ್ಟಿತು ಎಂದ. ನನ್ನ ಮುಖ ನೋಡದೆ, ತಿಂಗಳ ಕೊನೆಗೆ ಹೆಬ್ಬಗೋಡಿಯ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದೂ ಹೇಳಿದ. ಮಗುವಿಗೆ ಔಷಧಿ ಕೆಲಸ ಮಾಡಿರಬೇಕು, ಜ್ವರ ಬಿಟ್ಟಿರಬೇಕು, ಅಷ್ಟೇ. ಆದರೆ ಮನೆಗೆ ಬಂದು ಹೇಳಿದಾಗ ಅತ್ತೆ, "ಅಂಗಾರೆ ಅದು ಇಲ್ಲಿಗ್ ಬಂತು," ಎಂದರು.

ಶನಿವಾರ ಸಂಜೆ ಇವರು ಸೂಟು ಹಾಕಿಕೊಂಡು ಬೀರು ತಡಕಿದರು. "ಏಪ್ರನ್ ಎಲ್ಲೇ?" ಎಂದು ಕೂಗುತ್ತ ಹಜಾರಕ್ಕೆ ಬಂದವರು ಅಲ್ಲೇ ನಿಂತರು. ಅತ್ತೆ ಗೇಟಿಗೆ ಮುಖ ಮಾಡಿ ಎಂದಿನ ಜಾಗದಲ್ಲಿ ಕೂತಿದ್ದರು. ಸೀರೆಯ ಮೇಲೆ ಬಿಳಿ ಏಪ್ರನ್ ಕಟ್ಟಿಕೊಂಡಿದ್ದರು.

"ಅಮ್ಮ, ಅದು ನೀನು ಹಾಕ್ಕೊಳ್ಳೋದಲ್ಲ. ಬಿಚ್ಕೊಡು, ಲೇಟಾಯ್ತು."

"ಇದು ಯಾರ್ನಾದ್ರೂ ಒಬ್ರುನ್ನ ಕರ್ಕೊಂಡೋಯ್ತದೆ ಅಂತ ನೀನೇ ಯೋಳ್ದಲ್ಲ. ಊರೋರ ಮಕ್ಳ ಮೇಲೆ ಆಕೋಕಾಯ್ತದಾ? ನಾನೇ ಓಯ್ತೀನಿ. ವಯಸ್ಸಾಗದೆ. ನೀನು ಓಗ್ಬಾ."

ಇವರು ನನ್ನ ಕಡೆ ನೋಡಿದರು. ಇದ್ದದ್ದನ್ನೆಲ್ಲ ಅಲ್ಲೇ ಹೇಳಿದೆ. ಅವರು ಸೂಟಿನಲ್ಲೇ ತಾಯಿಯ ಪಕ್ಕ ನೆಲಕ್ಕೆ ಕೂತರು. ಅದು ಬರೀ ಚರ್ಮ ಕಣಮ್ಮ, ಒಳ್ಳೆಯವನಾಗಿ ಬಾಳು ಅಂತ ನೆನಪಿಸೋಕೆ ಕೊಡೋದು ಎಂದು ಮೆಲ್ಲಗೆ ಹೇಳಿದರು. ಅತ್ತೆ ತಲೆಯಾಡಿಸಿದರು, ಬಿಚ್ಚಲಿಲ್ಲ. ದಾರಕ್ಕೆ ಕೈ ಹಾಕಲು ಅವರಿಗೂ ಧೈರ್ಯವಾಗಲಿಲ್ಲ, ನನಗೂ ಆಗಲಿಲ್ಲ. ಕೊನೆಗೆ, ಅಲ್ಲಿ ಸ್ಪೇರ್ ಇರುತ್ತೆ ಎಂದು ಖಾಲಿ ಕೈಯಲ್ಲಿ ಹೊರಟರು.

ಅವರ ಕಾರಿನ ಸದ್ದು ದೂರವಾದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದರು.

"ನಾನು ಓದಾಗ ಇದ್ನ ನನ್ ಜೊತೇಲೇ ಮಣ್ಣಿಗಾಕು. ಇಲ್ಲಿ ಬಿಡ್ಬ್ಯಾಡ. ಯಾರ್ಗೂ ಕೊಡ್ಬ್ಯಾಡ."

ಆಗಲಿ ಎಂದೆ. ಆಮೇಲೆ ಅವರು ನನಗೆ ತಟ್ಟೆ ಹಾಕು ಎಂದರು. ಇವರು ಸೂಟಿನಲ್ಲಿ ಹೊರಟ ಯಾವ ಶನಿವಾರವೂ ಊಟ ಮಾಡದವರು, ಅಂದು ಏಪ್ರನ್ ಕಟ್ಟಿಕೊಂಡೇ ಹೊಟ್ಟೆ ತುಂಬ ಊಟ ಮಾಡಿದರು.