ಕಂಪ್ಯೂಟರ್ ಓದದ ಸಾಲುಗಳು

ಬಸ್ ಟಿಕೆಟ್ ಕಾಯ್ದಿರಿಸುವ ಸಾಫ್ಟ್‌ವೇರ್ ಬರೆದು ನೋಡಿಕೊಳ್ಳುತ್ತಿದ್ದ ಹಿರಿಯ ಪ್ರೋಗ್ರಾಮರ್‌ಗೆ ಕಚೇರಿಯವರು ಇಟ್ಟ ಹೆಸರು ಮೌನಿ. ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ. ಮನೆಯಲ್ಲೂ ಅದೇ ಕಥೆ. ಕಿಟಕಿಗೆ ಹೊಸ ಪರದೆ ಹಾಕಿಸಿದ ಹೆಂಡತಿ ಹೇಗಿದೆ ಎಂದು ಕೇಳಿದರೆ ತಲೆಯಾಡಿಸುವರು. ಅದು ಮೆಚ್ಚುಗೆಯೋ ತೂಕಡಿಕೆಯೋ ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಇಂಥವರು ಕೋಡ್ ಬರೆಯಲು ಕೂತರೆ ಮಾತ್ರ ಬೇರೆಯೇ ಮನುಷ್ಯ. ಕೋಡಿನ ನಡುವೆ ಬರೆಯುವ ಕಾಮೆಂಟುಗಳನ್ನು ಕಂಪ್ಯೂಟರ್ ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ನಾಳೆ ಆ ಕೋಡನ್ನು ತಿದ್ದಲು ಬರುವವರಿಗೆ ಅರ್ಥವಾಗಲಿ ಎಂದು ಬರೆದಿಡುವ ಮಾತುಗಳವು. ಅಲ್ಲಿ ನಮ್ಮ ಮೌನಿಯದು ಹರಟೆಯೋ ಹರಟೆ.

ನಿವೃತ್ತಿ ಹತ್ತಿರ ಬಂತು. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಬೇಕೆಂದು ತಿಳಿದದ್ದೇ ತಡ, ಅವರಿಗೆ ಊಟ ಸೇರದಾಯಿತು. ಹೆಂಡತಿಗೋ ಒಂದೇ ಆಸೆ: ಗಂಡ ನಾಲ್ಕು ಜನರ ಮುಂದೆ ಬಾಯ್ತುಂಬ ಮಾತಾಡಬೇಕು, ಅದರಲ್ಲಿ ತನ್ನ ಬಗ್ಗೆಯೂ ಒಂದು ಮಾತಿರಬೇಕು. ಹಾಗೆಂದು ಬಾಯಿಬಿಟ್ಟು ಕೇಳಿಯೂ ಇದ್ದಳು. ಅವರು ತಲೆಯಾಡಿಸಿದ್ದರು.

ಬೀಳ್ಕೊಡುಗೆಯ ಸಂಜೆ, ಅವರ ಕೆಲಸ ವಹಿಸಿಕೊಳ್ಳಲಿದ್ದ ಹುಡುಗಿ ಎದ್ದು ನಿಂತು, ತನಗೆ ಕೆಲಸ ಕಲಿಸಿದ್ದೇ ಈ ಕಾಮೆಂಟುಗಳು ಎಂದು ಓದತೊಡಗಿದಳು.

“ಈ ಸಾಲು ತೆಗೆಯಬೇಡಿ. ತೆಗೆದರೆ ಒಂದೇ ಸೀಟಿನಲ್ಲಿ ಇಬ್ಬರನ್ನು ಕೂರಿಸುತ್ತದೆ. ನಾನು ತೆಗೆದು ಬೈಸಿಕೊಂಡಿದ್ದೇನೆ.”

“ಮಗುವಿನ ವಯಸ್ಸು ಕೇಳುವುದು ಇಲ್ಲಿ. ಅಮ್ಮಂದಿರು ಒಂದು ವರ್ಷ ಕಡಿಮೆ ಹೇಳುತ್ತಾರೆ. ಹೇಳಲಿ ಬಿಡಿ.”

ಜನ ಬಿದ್ದು ಬಿದ್ದು ನಕ್ಕರು. ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಆಕೆಗೆ ಸಂಕಟವಾಯಿತು. ಹೊಟ್ಟೆಕಿಚ್ಚು ಎಂದರೂ ಸರಿಯೇ.

“ಅಲ್ರೀ, ಇಷ್ಟೊಂದು ಮಾತಿತ್ತಾ ನಿಮ್ಮ ಹತ್ರ? ಗುರುತು ಪರಿಚಯ ಇಲ್ದೋರಿಗೆಲ್ಲ ಬರೆದಿಟ್ಟಿದೀರಿ. ನನಗೆ ಮಾತ್ರ ಹೂಂ?”

ಅಷ್ಟರಲ್ಲಿ ಯಾರೋ ಮೈಕನ್ನು ಮೌನಿಯ ಕೈಗೆ ಕೊಟ್ಟಾಗಿತ್ತು. ಅವರು ಬೆವರಿದರು, ಬಾಗಿಲ ಕಡೆ ನೋಡಿದರು, ಕೊನೆಗೆ ಹೆಂಡತಿಯ ಕಡೆ ತಿರುಗಿದರು.

“ನೋಡಿದ ತಕ್ಷಣ ಅರ್ಥ ಆಗೋ ಕಡೆ ಕಾಮೆಂಟ್ ಬರೀಬಾರ್ದು ಅಂತ ನಮ್ಮ ಕಸುಬಲ್ಲಿ ಹೇಳ್ತಾರೆ. ನಿನ್ನ ಜೊತೆ ನಾನು ಸುಖವಾಗಿದೀನಿ. ಅದು ನೋಡಿದ್ರೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ಕಣೇ.”

“ಗೊತ್ತಾಗ್ತಿರ್ಲಿಲ್ಲ,” ಎಂದಳು ಹೆಂಡತಿ. ಕಣ್ಣು ತುಂಬಿತ್ತು, ಮುಖ ಅರಳಿತ್ತು.

“ಹಾಗಾದ್ರೆ ಮೊದಲಿಂದ ಹೇಳ್ತೀನಿ,” ಎಂದು ಅವರು ಮೈಕನ್ನು ಬಾಯಿಯ ಹತ್ತಿರ ತಂದುಕೊಂಡರು.

ಪಕ್ಕದ ಕೋಣೆಯಲ್ಲಿ ಬಡಿಸಿಟ್ಟ ಊಟ ತಣ್ಣಗಾಯಿತು. ಒಬ್ಬರೂ ಏಳಲಿಲ್ಲ.