ಕೆಂಡದ ಶಾಖಕ್ಕೆ ಮರದ ಬಳೆ

ಹೋದ ವಾರ ಕೆಳಗಿನ ಮನೆಯಿಂದ ತಿನ್ನರ್ ವಾಸನೆ ಬಂತು. ಇಳಿದು ನೋಡಿದರೆ ಆ ಮನೆಯ ಕಾಲೇಜು ಹುಡುಗಿ ಮರದ ಜುಮುಕಿಗಳಿಗೆ ಬಣ್ಣ ಹಚ್ಚುತ್ತಿದ್ದಳು. ಚೆನ್ನಾಗಿಯೇ ಹಚ್ಚುತ್ತಿದ್ದಳು. ನಾನು ಮಾತ್ರ ಜುಮುಕಿ ನೋಡುವುದು ಬಿಟ್ಟು ಸುತ್ತ ಎಲ್ಲಾದರೂ ಬೆಂಕಿ ಇದೆಯೇ ಎಂದು ಹುಡುಕಿದೆ. ಈ ಅಭ್ಯಾಸ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕು.

ತೊಂಬತ್ತರ ದಶಕದ ಕೊನೆ. ನಮ್ಮ ಮನೆ ಚಿಕ್ಕನಾಯಕನಹಳ್ಳಿ ಕಡೆಯ ಒಂದು ತೆಂಗಿನ ತೋಟದಲ್ಲಿತ್ತು. ನಾನು ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಪೇಟೆಯಿಂದ ಬಣ್ಣವಿಲ್ಲದ ಮರದ ಬಳೆ, ಮಣಿ ತರಿಸಿ ಮನೆಯಲ್ಲೇ ಅಲಂಕರಿಸುತ್ತಿದ್ದರು. ಕುಂಚಕ್ಕಿಂತ ಅವರಿಗೆ ತೆಂಗಿನ ಗರಿಯ ಕಡ್ಡಿಯ ಮೇಲೆ ನಂಬಿಕೆ. ಹೊಸ ಪೊರಕೆಯಿಂದ ಒಂದು ಕಡ್ಡಿ ಎಳೆದು, ತುದಿ ಮುರಿದು, ಬಣ್ಣದಲ್ಲಿ ಅದ್ದಿ ಚುಕ್ಕಿ ಇಡುವರು. ಒಂದೊಂದು ಚುಕ್ಕಿಯೂ ಸಾಸಿವೆಯಷ್ಟು. ನಾನಿಟ್ಟವು ಹುರುಳಿಕಾಳಿನಷ್ಟಾಗುತ್ತಿದ್ದವು. “ಬುಡು, ನೀನು ಓದ್ಕೋ ಹೋಗು, ಪುಣ್ಯ ಬತ್ತದೆ” ಎನ್ನುತ್ತಿದ್ದರು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೆರೂನ್ ಸೀರೆಗೆ ಹೊಂದುವ ಆರು ಬಳೆ ಕೇಳಿದ್ದೆ. ಮೂರು ದಿನದಿಂದ ಮೋಡ ಮುಚ್ಚಿತ್ತು, ಬಣ್ಣ ಒಣಗಲೇ ಇಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಡಬೇಕು. ನಾನು ಮುಖ ಊದಿಸಿಕೊಂಡೆ.

“ಕೂಸಿನ ಬಟ್ಟೆ ಒಣಗಿಸ್ದಂಗೆ ಒಣಗಿಸಿದ್ರೆ ಆಯ್ತು ಕಣೇ” ಎಂದರು ಅತ್ತಿಗೆ.

ನಮ್ಮ ಕಡೆ ಬಾಣಂತಿ ಮನೆಯಲ್ಲಿ ತೆಂಗಿನ ಕರಟದ ಕೆಂಡ ಮಾಡಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂಸಿನ ಬಟ್ಟೆ ಹರಡುತ್ತಾರೆ. ಅಂಥದೇ ಬುಟ್ಟಿಯ ಮೇಲೆ ಅತ್ತಿಗೆ ನನ್ನ ಬಳೆಗಳನ್ನು ಸಾಲಾಗಿ ಇಟ್ಟರು. ಪಕ್ಕದಲ್ಲೇ ಕೂತು, ಗಟ್ಟಿಯಾದ ಬಣ್ಣ ತೆಳುಮಾಡಲು ಬಟ್ಟಲಿಗೆ ತಿನ್ನರ್ ಬಗ್ಗಿಸತೊಡಗಿದರು.

ತಿನ್ನರಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಬೆಂಕಿಯನ್ನು ಮುಟ್ಟುತ್ತದೆ. ಲ್ಯಾಬಿನಲ್ಲಿ ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಪರೀಕ್ಷೆಯಲ್ಲಿ ಅದರ ಪ್ರಶ್ನೆಗೆ ನನಗೆ ಪೂರ್ತಿ ಅಂಕವೂ ಬಂದಿತ್ತು. ಅದು ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಅತ್ತಿಗೆಗೆ ಹೇಳಿದರೆ ಬುಟ್ಟಿ ಎತ್ತಿಡುತ್ತಾರೆ, ಬಳೆ ಒಣಗುವುದಿಲ್ಲ. ಅಲ್ಲೇ ಕೂತು ಸುಮ್ಮನಿದ್ದೆ.

ಭುಗ್ಗೆಂದಿತು. ಉರಿ ಬಟ್ಟಲಿನಿಂದ ಅತ್ತಿಗೆಯ ಬಲಗೈಗೆ, ಸೆರಗಿಗೆ ಏರಿತು. ನಾನು ಗೋಡೆಗೆ ಅಂಟಿಕೊಂಡು ನಿಂತೆ. ಹಿತ್ತಲಿನಿಂದ ಓಡಿಬಂದ ಅವ್ವ ಒದ್ದೆ ಗೋಣಿಚೀಲವನ್ನು ಅವರ ಮೇಲೆ ಹಾಕಿ ಅಪ್ಪಿ ಹಿಡಿದಳು. ಈಗಲೂ ಕಣ್ಣು ಮುಚ್ಚಿದರೆ ಅದೇ. ಪ್ರತಿ ಸಲವೂ ಬಾಯಿ ತೆರೆಯುತ್ತೇನೆ, ಪ್ರತಿ ಸಲವೂ ತಡವಾಗುತ್ತದೆ.

ಜೀವ ಉಳಿಯಿತು. ಅಂಗೈ, ಬೆರಳು ಸುಟ್ಟಿದ್ದವು. ಎರಡು ತಿಂಗಳು ತಮ್ಮ ಅನ್ನ ತಾವು ಕಲಸಿಕೊಳ್ಳಲಾಗಲಿಲ್ಲ. ನೋಡಲು ಬಂದವರಿಗೆಲ್ಲ “ನಂದೇ ಎಡವಟ್ಟು ಕಣ್ರೀ” ಎನ್ನುತ್ತಿದ್ದರು. ನಾನು ಅವರಿಗೆಲ್ಲ ಕಾಫಿ ಕೊಡುತ್ತಿದ್ದೆ.

ಹೋದ ವಾರ ಆ ಹುಡುಗಿಯ ಮನೆಯಿಂದ ಮೇಲೆ ಬಂದವಳೇ ಊರಿಗೆ ಫೋನ್ ಮಾಡಿದೆ. “ಅತ್ತಿಗೆ, ಅವತ್ತು ತಿನ್ನರ್ ಹತ್ರ ಕೆಂಡ ಇರಬಾರ್ದು ಅಂತ ನಂಗೆ ಗೊತ್ತಿತ್ತು.”



“ನಂಗೂ ಅನ್ಮಾನ ಇತ್ತು ಕಣೇ. ಓದ್ದೋಳು ಪಕ್ಕದಲ್ಲೇ ಕುಂತವ್ಳೆ, ಅಪಾಯ ಇದ್ರೆ ಹೇಳ್ತಿದ್ಲು ಅಂದ್ಕಂಡೆ.” ಅದರ ಹಿಂದೆಯೇ, “ಊಟ ಆಯ್ತಾ?” ಎಂದರು.

ಈಗ ನಾನು ದಿನಾ ಕೆಳಗಿಳಿಯುತ್ತೇನೆ. ಕಿಟಕಿ ತೆಗೆ, ದೇವರ ಮುಂದಿನ ದೀಪ ಆರುವವರೆಗೆ ತಿನ್ನರ್ ಮುಟ್ಟಬೇಡ ಎನ್ನುತ್ತೇನೆ. “ಇದು ನಾಲ್ಕನೇ ಸಲ, ಆಂಟಿ” ಎಂದು ನಿನ್ನೆ ಹುಡುಗಿ ನಕ್ಕಳು. ನಾನು ಮತ್ತೆ ಮೊದಲಿನಿಂದ ಹೇಳಿದೆ.