ಹಗುರದ ಗಂಜಿ

ತಿಪಟೂರಿನ ಡಾಕ್ಟರ್ ಸದಾಶಿವಯ್ಯನವರು ಬೆಂಗಳೂರಿನಿಂದ ಬಂದ ವರದಿ ಓದಿ ಮುಗಿಸಿದರು. ಎದುರಿಗೆ ನಮ್ಮ ದಬ್ಬೇಘಟ್ಟದ ಗುರುಶಾಂತಮ್ಮ ಕೂತಿದ್ದಳು. ಮೂವತ್ತು ತುಂಬದ ಹೆಂಗಸು. ಕೈ ಎತ್ತಿದರೆ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಒಬ್ಬಳೇ ಒಳಗೆ ಹೋಗಲು ಹೆದರಿ, ಪಕ್ಕದ ಮನೆಯ ನನ್ನನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು. ಅತ್ತೆ ಶಿವರುದ್ರಮ್ಮ ಹೊರಗೆ ಬೆಂಚಿನ ಮೇಲಿದ್ದರು.

"ಇದಕ್ಕೆ ಸೀಲಿಯಾಕ್ ಅಂತಾರೆ ಕಣಮ್ಮ. ಗೋಧಿ ನಿನ್ನ ಕರುಳಿಗೆ ಆಗಲ್ಲ. ಒಳಪದರ ಸವೆದಿದೆ, ಅದಕ್ಕೇ ತಿಂದದ್ದು ಮೈಗೆ ಹತ್ತಲ್ಲ. ಗೋಧಿ ಪೂರ್ತಿ ಬಿಡಬೇಕು. ರಾಗಿ, ಅಕ್ಕಿಯಿಂದ ತೊಂದರೆ ಇಲ್ಲ."

"ಮತ್ತೆ ನನಗೆ ರಾಗಿ ಬಿಡು ಅಂದೋರು ಯಾರು?"

ಡಾಕ್ಟರು ಕನ್ನಡಕ ತೆಗೆದರು. "ನಾನೇ."

ನಮ್ಮ ಕಡೆ ಹೊಟ್ಟೆ ಕೆಟ್ಟವರಿಗೆ ಮುದ್ದೆ ಭಾರ, ಗೋಧಿ ತರಿಯ ಗಂಜಿ ಹಗುರ. ಗಂಡನ ಮನೆಯ ಉಪ್ಪಿಟ್ಟು, ಚಪಾತಿ ತಿಂದು ಅವಳಿಗೆ ಭೇದಿ ಶುರುವಾದಾಗ ಈ ಡಾಕ್ಟರೂ ಗಂಜಿಯನ್ನೇ ಹೇಳಿದ್ದರು. ಅತ್ತೆ ತಪ್ಪದೆ ಕಾಯಿಸಿ ಕೊಟ್ಟರು. ಹುಳಿಯಾರಿನ ತವರಿಗೆ ಹೋಗಿ ಮುದ್ದೆ ಉಂಡರೆ ಗೆಲುವಾಗುತ್ತಿದ್ದಳು. ವಾಪಸ್ ಬಂದರೆ ಮತ್ತೆ ಮಲಗುತ್ತಿದ್ದಳು.

"ತವರಲ್ಲಿ ಚೆನ್ನಾಗಿರ್ತೀನಿ ಅಂದಾಗ ನೀವು ನಕ್ಕಿರಿ. ಅತ್ತೆ ಮನೆ ಕಾಯಿಲೆ ಅಂದ್ರಿ. ಅತ್ತೆ ಕೇಳಿಸ್ಕೊಂಡ್ರು."

"ಮುದ್ದೆ ಉಣ್ಣೋ ಸೀಮೇಲಿ ಈ ಕಾಯಿಲೆ ಇರಲ್ಲ ಅಂದ್ಕೊಂಡಿದ್ದೆ. ಹುಳಕ್ಕೆ ಔಷಧಿ ಕೊಟ್ಟೆ, ರಕ್ತಕ್ಕೆ ಟಾನಿಕ್ ಕೊಟ್ಟೆ. ನೀನು ಹೇಳಿದ್ದನ್ನ ಯೋಚಿಸ್ಲಿಲ್ಲ. ತಪ್ಪಾಯ್ತು."

"ನನಗೆ ಹೇಳಿ ಏನ್ ಬಂತು? ನಾನು ಸುಳ್ಳು ಹೇಳಿಲ್ಲ ಅಂತ ನನಗೆ ಗೊತ್ತಿತ್ತಲ್ಲ! ಅತ್ತೇನ ಕರೀರಿ. ಅವರ ಮುಂದೆ ಹೇಳ್ದಿದ್ರೆ ನಾನು ಆ ಮನೆಗೆ ಹೋಗಲ್ಲ."

ನಾನು ಮನಸ್ಸಿನಲ್ಲೇ ಶಿವನನ್ನು ನೆನೆದೆ. ಡಾಕ್ಟರೇ ಎದ್ದು ಹೋಗಿ ಶಿವರುದ್ರಮ್ಮನವರನ್ನು ಕರೆತಂದರು. ನಿಂತೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು, ತಮ್ಮ ತಪ್ಪನ್ನೂ ಬಿಡದೆ.

"ಗಂಜಿಗೆ ಹಾಲು ಹಾಕಿ ಕುಡಿಸ್ತಿದ್ನಲ್ಲೇ..." ಅಂದರು ಆಕೆ. "ನಾಟಕ ಆಡ್ತಾಳೆ ಅಂತ ಕಂಡೋರ ಮುಂದೆಲ್ಲ ಆಡ್ಕೊಂಡ್ನಲ್ಲೇ ನಿನ್ನ."

"ಯಾರ್ಯಾರ ಮುಂದೆ ಅಂದ್ರೋ ಅಲ್ಲೆಲ್ಲ ಹೋಗಿ ಹೇಳಿ ಬನ್ನಿ ಅತ್ತೆ."

ಶಿವರುದ್ರಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಹುಳಿಯಾರು ಬಸ್ಸು ಎಷ್ಟೊತ್ತಿಗೆ ಕಣೇ? ಮೊದ್ಲು ಅಂದಿದ್ದು ಇವಳಪ್ಪನ ಮುಂದೆ."